ಪಂಚಮಿಗೆ ಇಳಿದ ಹಂಚು

ನಾನು ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು. ಮೈ ಕಪ್ಪು, ನಡುವೆ ತುಸು ತಗ್ಗು, ಅಂಚು ಒಂದು ಕಡೆ ಸೀಳಿದೆ. ಕಂಡವರು ಗುಜರಿ ಮಾಲು ಎಂದುಕೊಂಡರೆ ಎಂದುಕೊಳ್ಳಲಿ, ನನಗೇನೂ ನಷ್ಟವಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ಮಾತ್ರ ನಿಧಾನ. ನಾನು ಬಾಳಿದ ಮನೆಯ ಇಬ್ಬರು ಹೆಂಗಸರಿಗೂ ಅದೇ ಗುಣ. ಅದು ನನ್ನಿಂದ ಅವರಿಗೆ ಬಂತೋ, ಅವರಿಂದ ನನಗೆ ಬಂತೋ ಹೇಳಲಾರೆ.

ಹುಟ್ಟುತ್ತಲೇ ನಾನು ಹಂಚಾಗಿರಲಿಲ್ಲ. ಗದಗಿನ ಒಂದು ಹತ್ತಿ ಮಿಲ್ಲಿನಲ್ಲಿ ಬಾಯ್ಲರಿನ ತಗಡಾಗಿದ್ದೆ. ಮಿಲ್ಲು ಮುಚ್ಚಿದಾಗ ಯಂತ್ರಗಳನ್ನೆಲ್ಲ ಬಿಚ್ಚಿ ಲಾರಿಗೆ ತುಂಬಿದರು. ಹನ್ನೆರಡು ವರ್ಷ ಆ ಬಾಯ್ಲರಿಗೆ ಕಟ್ಟಿಗೆ ಒಟ್ಟಿದ್ದ ಫಕ್ಕೀರಪ್ಪ ಲಾರಿಯ ಪಕ್ಕ ನಿಂತು, "ಇದೊಂದು ತುಂಡು ನನಗ ಕೊಡ್ರಿ ಸಾಹೇಬ್ರ, ನೆನಪಿಗಿ ಇರಲಿ" ಎಂದು ಕೇಳಿಕೊಂಡ. ಕೆಲಸ ಕಳೆದುಕೊಂಡವನಿಗೆ ಒಂದು ತಗಡು ಕೊಟ್ಟರೆ ಯಾರ ಗಂಟೇನು ಹೋಗುತ್ತದೆ? ಕೊಟ್ಟರು. ಅವನು ನನ್ನನ್ನು ಹೆಗಲ ಮೇಲಿಟ್ಟುಕೊಂಡು ನೆಟ್ಟಗೆ ಬೆಟಗೇರಿಯ ಮೌನೇಶಪ್ಪನ ಕುಲುಮೆಗೆ ನಡೆದ.

ಮೌನೇಶಪ್ಪ ನನ್ನನ್ನು ಕಾಯಿಸಿ ಬಡಿದ ಪೆಟ್ಟುಗಳನ್ನು ಈಗ ನೆನೆದರೂ ಮೈ ಝುಮ್ಮೆನ್ನುತ್ತದೆ. ಸಂಜೆಯ ಹೊತ್ತಿಗೆ ನಾನು ದುಂಡಗಾಗಿದ್ದೆ. "ಬಾಯ್ಲರ್ ತಗಡು ಐತಿ ಫಕ್ಕೀರಪ್ಪಾ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬಾಳಿಕಿ ಬರತೈತಿ" ಎಂದ ಮೌನೇಶಪ್ಪ. ಫಕ್ಕೀರಪ್ಪ ನನ್ನನ್ನು ಒಯ್ದು ಹೆಂಡತಿಯ ಮುಂದೆ ಇಟ್ಟ. ಮಿಲ್ಲು ಮುಚ್ಚಿದ ಸುದ್ದಿಯನ್ನು ಆಮೇಲೆ ಹೇಳಿದ.

ಹೆಂಡತಿಯ ಹೆಸರು ಶಾವಂತ್ರೆವ್ವ. ತೆಳ್ಳಗಿನ ಮೈ, ಕಿವಿಯಲ್ಲಿ ಅಗಲವಾದ ಬಂಗಾರದ ಬೆಂಡೋಲಿ. ಸುದ್ದಿ ಕೇಳಿ ಅಳಲಿಲ್ಲ, ತಲೆಯ ಮೇಲೆ ಕೈ ಹೊತ್ತು ಕೂರಲೂ ಇಲ್ಲ. ನನ್ನನ್ನು ಎತ್ತಿ ಬೆರಳಿನಿಂದ ತಟ್ಟಿ ನೋಡಿದಳು. "ಛಲೋ ಹಂಚು" ಎಂದಳು. ಮರುದಿನವೇ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಹೋಗಿ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಅಲ್ಲಿ ಹಂಚುಗಳಿಗೇನೂ ಕೊರತೆಯಿರಲಿಲ್ಲ. ಆದರೆ ಬೇರೆ ಹಂಚಿನ ಮೇಲೆ ತನ್ನ ರೊಟ್ಟಿ ಉಬ್ಬುವುದಿಲ್ಲವೆಂದು ಅವಳ ಹಟ. ದಿನಾ ಮುಂಜಾನೆ ನನ್ನನ್ನು ಗೋಣಿತಟ್ಟಿನಲ್ಲಿ ಸುತ್ತಿ ಸೊಂಟದ ಮೇಲೆ ಇಟ್ಟುಕೊಂಡು ಹೋಗುವಳು, ಮಧ್ಯಾಹ್ನ ಹಾಗೆಯೇ ತರುವಳು. ಅವಳ ಒಂದೇ ಮಗಳು ಕಸ್ತೂರಿ ಸೊಂಟದ ಮೇಲೆ ಜಾಗ ಸಿಗದೆ ಪಕ್ಕದಲ್ಲಿ ನಡೆದು ಬರುತ್ತಿದ್ದಳು. ಆ ಹುಡುಗಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಇದ್ದರೆ ಅದರಲ್ಲಿ ತಪ್ಪೇನಿಲ್ಲ.

ಒಲೆಯ ಮೇಲೆ ಮಲಗಿದವರಿಗೆ ಮುಖಗಳು ಕಾಣುವುದು ಕಡಿಮೆ, ಅಂಗೈಗಳು ಕಾಣುವುದು ಹೆಚ್ಚು. ಶಾವಂತ್ರೆವ್ವನ ಅಂಗೈಯನ್ನು ನಾನು ಇಪ್ಪತ್ತು ವರ್ಷ ನೋಡಿದೆ. ಮೊದಲು ಬೆರಳ ತುದಿ ಕೆಂಪಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ದಪ್ಪವಾಯಿತು. ಕಸ್ತೂರಿ ಎಂದಾದರೂ ಹಿಟ್ಟಿಗೆ ಕೈ ಹಾಕಲು ಬಂದರೆ ಆ ಕೈ ಅವಳನ್ನು ಹಿಂದಕ್ಕೆ ನೂಕುತ್ತಿತ್ತು.

"ಇತ್ತಾಗ ಬರಬ್ಯಾಡ. ನಿನ್ನ ಕೈ ಖಡು ಹಿಡದು ಹಲಗಿ ಮ್ಯಾಲ ಬರಿಯಾಕ ಅದಾವ" ಎನ್ನುವಳು. ಒಮ್ಮೆ ನನ್ನ ಮೇಲೆ ನೀರು ಚಿಮುಕಿಸಿ ಆಣೆಯನ್ನೂ ಇಟ್ಟಳು: "ಕಸ್ತೂರಿ ದುಡಿಮಿ ನನ್ನ ಕೈಗೆ ಬಂದ ದಿನ ಈ ಹಂಚು ಒಲಿ ಮ್ಯಾಲಿಂದ ಇಳಸ್ತೀನಿ. ಆಮ್ಯಾಲ ಇದನ್ನ ಮುಟ್ಟಂಗಿಲ್ಲ."

ಹೀಗಾಗಿ ನಮ್ಮ ಸೀಮೆಯಲ್ಲಿ ಹುಡುಕಿದರೂ ಸಿಗದ ಒಂದು ಹುಡುಗಿ ಆ ಮನೆಯಲ್ಲಿ ಬೆಳೆದಳು. ಬಿ.ಎಡ್. ಮುಗಿಸಿದಳು, ಆದರೆ ರೊಟ್ಟಿ ಬಡಿಯಲು ಬಾರದು. ಆ ಬಿ.ಎಡ್.ಗಾಗಿ ಶಾವಂತ್ರೆವ್ವ ಬೆಂಡೋಲಿ ಮಾರಿದಳು. ಕಿವಿಯ ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಚುಚ್ಚಿಕೊಂಡಳು. "ವರ್ಷದಾಗ ಸರ್ಕಾರಿ ಟೀಚರ್ ಆಗತಾಳ. ಕಡ್ಡಿ ತಗದು ಮತ್ತ ಬೆಂಡೋಲಿ ಇಟ್ಟಕೋತೀನಿ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ವರ್ಷ ಕಳೆಯಿತು, ಎರಡು ವರ್ಷ ಕಳೆಯಿತು. ಸರ್ಕಾರಿ ನೌಕರಿ ಎರಡು ಸಲ ಕೂದಲೆಳೆಯಲ್ಲಿ ತಪ್ಪಿತು. ಹುಬ್ಬಳ್ಳಿಯ ಗುರುಸಿದ್ಧನೊಂದಿಗೆ ಮದುವೆಯಾಯಿತು. ಅವನು ಗಾಡಿಗಳ ವೈರಿಂಗ್ ಕೆಲಸದವನು, ನಗುಮುಖದವನು. ಕಸ್ತೂರಿ ಅಲ್ಲಿಯೇ ಒಂದು ಖಾಸಗಿ ಶಾಲೆಗೆ ಸೇರಿದಳು. ಪಗಾರ ಎಂಬುದು ಬಾಡಿಗೆಗೂ ಕಿರಾಣಿಗೂ ಸರಿಹೋಗುತ್ತಿತ್ತು. ತವರಿಗೆ ಬರುವಾಗ ಹಣ್ಣು ತರುವಳು, ಅಪ್ಪನಿಗೆ ಅಂಗಿ ತರುವಳು. ಶಾವಂತ್ರೆವ್ವ ಹಣ್ಣಿನ ಚೀಲವನ್ನು ನೋಡುವಳು, ಮಗಳ ಕೈ ನೋಡುವಳು, ನನ್ನ ಮೇಲೆ ರೊಟ್ಟಿ ಜೋರಾಗಿ ಎಸೆಯುವಳು. ಆ ಪೆಟ್ಟು ಯಾರಿಗೆ ಎಂಬುದು ನನಗೆ ತಿಳಿಯುತ್ತಿತ್ತು.

ಈಗ ಪಂಚಮಿ ಹಬ್ಬದ ವಿಷಯ ಹೇಳಬೇಕು. ವರ್ಷದಲ್ಲಿ ನನಗೆ ಸಿಗುವ ಒಂದೇ ಒಂದು ರಜೆ ನಾಗರ ಪಂಚಮಿ. ಆ ದಿನ ಒಲೆಯ ಮೇಲೆ ಹಂಚು ಇಟ್ಟರೆ ನಾಗಪ್ಪನ ಹೆಡೆ ಸುಟ್ಟಂತೆ ಎಂದು ನಮ್ಮ ಕಡೆ ನಂಬುತ್ತಾರೆ. ಅದಕ್ಕೇ ಮುಂಚೆಯೇ ರೊಟ್ಟಿ ಹಬ್ಬ ಬರುತ್ತದೆ. ಮನೆಮನೆಯಲ್ಲಿ ರಾಶಿ ರೊಟ್ಟಿ ಮಾಡಿ, ಪಲ್ಯ ಚಟ್ನಿ ಇಟ್ಟು, ಓಣಿಯವರೆಲ್ಲ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಮದುವೆಯಾದ ಹೆಣ್ಣುಮಕ್ಕಳನ್ನು ತವರಿನವರು ಹೋಗಿ ಕರೆದು ತರುತ್ತಾರೆ. ಆ ವರ್ಷ ಫಕ್ಕೀರಪ್ಪ ಹೋಗಿ ಕಸ್ತೂರಿಯನ್ನು ಕರೆತಂದಿದ್ದ. ನೆರೆಮನೆಯ ಪಾರವ್ವ ರೊಟ್ಟಿ ಕೊಡಲು ಬಂದವಳು ಹೊಸ್ತಿಲಲ್ಲೇ ನಿಂತು ಕೇಳಿದಳು.

"ಟೀಚರಮ್ಮ ಹಬ್ಬಕ್ಕ ಅವ್ವಗ ಏನ್ ತಂದಾಳ?"

"ಏನ್ ತರತಾಳ?" ಎಂದಳು ಶಾವಂತ್ರೆವ್ವ, ನನ್ನ ಮೇಲಿನ ರೊಟ್ಟಿ ತಿರುವುತ್ತ. "ಬೆಂಡೋಲಿ ಮಾರಿ ಓದಿಸಿದೆ, ಕಿವ್ಯಾಗ ಕಡ್ಡಿ ಇಟಗೊಂಡು ಕುಂತೀನಿ. ಓದಿಸಿದವರು ನಾವು, ಪಗಾರ ಅವರ ಮನಿಗಿ."

ಕಸ್ತೂರಿ ಊಟಕ್ಕೆ ಕುಳಿತಿದ್ದಳು. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟಳು. "ನನ್ನ ಓದಿಸಿದ್ಯೋ ಯವ್ವಾ, ಬಡ್ಡಿಗಿ ರೊಕ್ಕ ಹಚ್ಚಿದ್ಯೋ?"

"ಈ ಅಂಗೈ ನೋಡು, ಆಮ್ಯಾಲ ಮಾತಾಡು."

"ತಿಳುವಳಿಕಿ ಬಂದಾಗಿಂದ ಅದನ್ನ ನೋಡಕೋತ ಬಂದೀನಿ. ಒಂದು ರೊಟ್ಟಿ ಹೆಚ್ಚಿಗಿ ಹಾಕ್ಕೋಬೇಕಂದ್ರ ಆ ಅಂಗೈ ಕಣ್ಣ ಮುಂದ ಬರತೈತಿ. ಹೊಟ್ಟಿ ತುಂಬ ಉಂಡ ದಿನ ನೆನಪಿಲ್ಲ ನನಗ."

ಪಾರವ್ವ ರೊಟ್ಟಿ ಇಟ್ಟು ಸದ್ದಿಲ್ಲದೆ ಜಾರಿಕೊಂಡಳು. ಫಕ್ಕೀರಪ್ಪ ಬಾಗಿಲಲ್ಲಿ ನಿಂತಿದ್ದ. ಕಸ್ತೂರಿ ಎದ್ದು ಗೋಣಿತಟ್ಟು ತಂದಳು. ಬಿಸಿಬಿಸಿ ಇದ್ದ ನನ್ನನ್ನು ಒಲೆಯಿಂದ ಎತ್ತಿ ಸುತ್ತಿದಳು. "ಇನ್ನ ನಿನ್ನ ಅಂಗೈ ಸುಡೂದು ಬ್ಯಾಡ. ಇದನ್ನ ನಾನು ಒಯ್ತೀನಿ" ಎಂದು ಹೊರಟೇಬಿಟ್ಟಳು. ಶಾವಂತ್ರೆವ್ವ ತಡೆಯಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಹುಬ್ಬಳ್ಳಿ ಬಸ್ಸಿನಲ್ಲಿ ಆ ಹುಡುಗಿಯ ತೊಡೆಯ ಮೇಲೆ ಕುಳಿತು, ಊರು ಮುಟ್ಟುವ ತನಕ ನಾನು ಆರಲಿಲ್ಲ.

ಹುಬ್ಬಳ್ಳಿಯ ಮನೆಯಲ್ಲಿ ನನ್ನನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿದಳು. "ಹಂಚು ಕಳವು ಮಾಡಿದ ಟೀಚರ್ ನಮ್ಮ ಮನ್ಯಾಗ ಅದಾಳ" ಎಂದು ಗುರುಸಿದ್ಧ ಚುಡಾಯಿಸುತ್ತಿದ್ದ. ಕಸ್ತೂರಿ ನಗುತ್ತಿರಲಿಲ್ಲ. ಕೆಲಸವಿಲ್ಲದೆ ನೇತಾಡುವುದು ಎಷ್ಟು ಕಷ್ಟವೆಂದು ಫಕ್ಕೀರಪ್ಪನಿಗೆ ಗೊತ್ತು, ನನಗೂ ಆಗ ಗೊತ್ತಾಯಿತು.

ಮುಂದಿನ ಜೂನಿನಲ್ಲಿ ಶಾಲೆಯವರು ಮಕ್ಕಳು ಕಡಿಮೆಯಾದರು ಎಂದು ಅವಳನ್ನು ಬಿಡಿಸಿದರು. ವಾರವಿಡೀ ಮನೆಯಲ್ಲಿ ಕುಳಿತವಳು ಒಂದು ದಿನ ಎದ್ದು ನನ್ನನ್ನು ಇಳಿಸಿದಳು. ಮೊದಲ ರೊಟ್ಟಿ ಕೈಯಲ್ಲೇ ಹರಿದು ಮೂರು ಚೂರಾಯಿತು. ಎರಡನೆಯದು ನನಗೆ ಅಂಟಿಕೊಂಡಿತು. ಅದನ್ನು ಬಿಡಿಸಲು ಚಾಕು ತಂದಳು! ನನ್ನ ಮೈಮೇಲೆ ಚಾಕು ಆಡಿಸಿದವರು ಅವಳಿಗಿಂತ ಮೊದಲು ಯಾರೂ ಇಲ್ಲ. ಆದರೂ ಸಹಿಸಿದೆ. ಶಾವಂತ್ರೆವ್ವನ ಮಗಳಲ್ಲವೇ, ಹಟ ಬಿಡಲಿಲ್ಲ. ನಾನು ಕಾದಿಲ್ಲದಾಗ ರೊಟ್ಟಿ ಹಿಡಿದೆ, ಕಾದಾಗ ಬಿಟ್ಟುಕೊಟ್ಟೆ. ನನಗೆ ಗೊತ್ತಿದ್ದ ಪಾಠ ಅಷ್ಟೇ. ಹತ್ತನೆಯ ದಿನ ಒಂದು ರೊಟ್ಟಿ ಪೂರಿಯಂತೆ ಉಬ್ಬಿ ನಿಂತಿತು. ಅವಳು ಸುಟ್ಟ ಬೆರಳನ್ನು ಬಾಯಲ್ಲಿ ಇಟ್ಟುಕೊಂಡೇ ಕುಣಿದಳು. ಗುರುಸಿದ್ಧ ಅದನ್ನು ಬರಿಯ ಉಪ್ಪುಖಾರ ಹಚ್ಚಿಕೊಂಡು ತಿಂದ.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿಯರು ಮೊದಲು ಕೇಳಿದರು, ಆಮೇಲೆ ಎದುರಿನ ಗ್ಯಾರೇಜಿನವರು, ಆಮೇಲೆ ಇಡೀ ಓಣಿ. ವರ್ಷದೊಳಗೆ ಬಾಗಿಲ ಮೇಲೆ 'ಕಸ್ತೂರಿ ರೊಟ್ಟಿ ಕೇಂದ್ರ' ಎಂಬ ಫಲಕ ಬಂತು. ನನ್ನ ಸುತ್ತ ನಾಲ್ಕು ಹೊಸ ಹಂಚುಗಳೂ ಐದು ಮಂದಿ ಕೆಲಸದ ಹೆಂಗಸರೂ ಬಂದರು. ಹೊಸ ಹಂಚುಗಳು ಥಳಥಳ ಅನ್ನುತ್ತಿದ್ದವು. ನಾನು ಮೂಗು ಮುರಿದೆ.

ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಕೂಡಲೇ ಕಸ್ತೂರಿ ಅವ್ವನಿಗೆ ಬೆಂಡೋಲಿಗೆಂದು ರೊಕ್ಕ ಕಳಿಸಿದಳು. ಅದು ಹಾಗೆಯೇ ತಿರುಗಿ ಬಂತು. ಫಕ್ಕೀರಪ್ಪನ ಫೋನು ಬಂತು. "ರೊಟ್ಟಿ ಬಡದ ರೊಕ್ಕ ಅಂತ ಗೊತ್ತಾತವಾ. ನಿಮ್ಮವ್ವ ಮುಟ್ಟವಲ್ಲಳು. ಮಗಳು ಇದನ್ನ ಮಾಡಬಾರದು ಅಂತನ ಇಪ್ಪತ್ತು ವರ್ಷ ಕೈ ಸುಟ್ಟಕೊಂಡೆ, ಕಡೀಕ ಇದನ್ನ ಮಾಡಿದ್ಲು ಅಂತ ಒಂದ ಸಮನ ಅಳಾಕತ್ತಾಳ." ಕಸ್ತೂರಿ ಫೋನು ಇಟ್ಟು ಬಂದು ಒಲೆಯ ಮುಂದೆ ಕುಳಿತಳು. ಅವಳ ಕಣ್ಣೀರು ನನ್ನ ಮೇಲೆ ಬಿದ್ದು ಚುಂಯ್ ಎಂದು ಆರಿಹೋಯಿತು. ಪಗಾರ ಬೇಕೆಂದವಳಿಗೆ ರೊಕ್ಕ ಕೊಟ್ಟರೂ ಬೇಡವಾಯಿತಲ್ಲ ಎಂದು ನನಗೂ ಬಹಳ ಸಂಕಟವಾಯಿತು. ಎರಡು ಪಂಚಮಿ ತವರಿನಿಂದ ಕರೆ ಬರಲಿಲ್ಲ.

ಮೂರನೆಯ ಪಂಚಮಿಯ ಹತ್ತಿರ ಒಬ್ಬ ಸಾಹೇಬರು ಬಂದರು. ಹೊಸದಾಗಿ ನೌಕರಿ ಸಿಕ್ಕ ಮುನ್ನೂರು ಮಂದಿ ಮಾಸ್ತರರಿಗೆ ಊರಿನಲ್ಲಿ ತರಬೇತಿ ಶಿಬಿರವಂತೆ. ಕಡೆಯ ದಿನದ ಮಧ್ಯಾಹ್ನದ ಊಟಕ್ಕೆ ಆರುನೂರು ಮೆತ್ತನೆಯ ರೊಟ್ಟಿ ಬೇಕಂತೆ. ಹಿಡಿಸಿದರೆ ವರ್ಷವಿಡೀ ಎಲ್ಲ ಶಿಬಿರಗಳ ರೊಟ್ಟಿಯೂ ಇಲ್ಲಿಂದಲೇ. ತನಗೆ ಸಿಗದ ನೌಕರಿ ಸಿಕ್ಕವರೆಲ್ಲ ತನ್ನ ರೊಟ್ಟಿ ತಿನ್ನುತ್ತಾರೆ ಎಂಬ ಹುರುಪಿನಲ್ಲಿ ಕಸ್ತೂರಿ ತಾರೀಖು ಕೇಳಿದಳು, ಹೂಂ ಅಂದಳು, ಮುಂಗಡ ತೆಗೆದುಕೊಂಡು ಜೋಳ ತರಿಸಿದಳು. ಕ್ಯಾಲೆಂಡರಿನ ಕಡೆ ತಿರುಗಿಯೂ ನೋಡಲಿಲ್ಲ. ಅದು ನನ್ನ ಪಕ್ಕದಲ್ಲೇ ಇತ್ತು. ಬಾಯಿ ಇದ್ದಿದ್ದರೆ ಆಗಲೇ ಕೂಗುತ್ತಿದ್ದೆ.

ಹಬ್ಬಕ್ಕೆ ಮೂರು ದಿನ ಇರುವಾಗ ಕೆಲಸದ ದ್ಯಾಮವ್ವನಿಗೆ ಅದು ಗೊತ್ತಾಯಿತು. "ಅಕ್ಕಾರ, ಅವತ್ತ ಪಂಚಮಿ ಐತ್ರಿ! ಪಂಚಮಿ ದಿನ ಹಂಚು ಇಡತಾರೇನ್ರಿ? ನನ್ನ ಕೊಂದರೂ ನಾ ಒಲ್ಲೆ."

"ಹಿಂದಿನ ದಿನ ಮಾಡಿ ಇಡೂಣು" ಎಂದಳು ಕಸ್ತೂರಿ. ಅವತ್ತೇ ಹತ್ತು ರೊಟ್ಟಿ ಮಾಡಿ ಬಟ್ಟೆ ಸುತ್ತಿ ಇಟ್ಟಳು. ಮರುದಿನ ತೆಗೆದು ನೋಡಿದರೆ ಹಪ್ಪಳದಂತೆ ಸೆಟೆದಿದ್ದವು. ಇಬ್ಬರು ಹೆಂಗಸರು ಆಗಲೇ ತವರಿಗೆ ಹೊರಟಿದ್ದರು. ಹೆಂಗಸರು ಪಂಚಮಿಯನ್ನು ಹುಟ್ಟುತ್ತಲೇ ಬಲ್ಲರು. ಅಡುಗೆಮನೆಯ ಹೊರಗೆ ಬೆಳೆದ ನಮ್ಮ ಟೀಚರಮ್ಮನಿಗೆ ಮಾತ್ರ ಹಬ್ಬ ಎಂದರೆ ಶಾಲೆಗೆ ರಜೆ ಇದೆಯೋ ಇಲ್ಲವೋ ಅಷ್ಟೇ. ಒಂದು ದಿನ ಇಟ್ಟರೂ ಮೆತ್ತಗಿರುವ ರೊಟ್ಟಿ ಮಾಡುವುದು ಶಾವಂತ್ರೆವ್ವನಿಗೆ ಗೊತ್ತಿತ್ತು. ಖಾನಾವಳಿಯಲ್ಲಿ ಪ್ರತಿ ಪಂಚಮಿಗೂ ಮಾಡುತ್ತಿದ್ದಳು. ಅದು ಕಸ್ತೂರಿಗೂ ನೆನಪಿತ್ತು. ಮೂರು ಸಲ ಫೋನು ಎತ್ತಿದಳು, ಮೂರು ಸಲವೂ ಕೆಳಗಿಟ್ಟಳು.

ಅದೇ ಮಧ್ಯಾಹ್ನ ಬಾಗಿಲಲ್ಲಿ ಫಕ್ಕೀರಪ್ಪ ನಿಂತಿದ್ದ. ಕೈಯಲ್ಲಿ ಹಬ್ಬಕ್ಕೆಂದು ಹುರಿದು ಅರಳಿಸಿದ ಜೋಳದ ಅಳ್ಳಿನ ಗಂಟು. "ನಿಮ್ಮವ್ವಗ ಹೇಳದ ಬಂದೀನಿ. ಹಬ್ಬಕ್ಕ ಬಾರವಾ" ಎಂದ. ಮಗಳು ಅಪ್ಪನ ಮುಂದೆ ಅತ್ತು ಎಲ್ಲವನ್ನೂ ಹೇಳಿದಳು. ಫಕ್ಕೀರಪ್ಪ ಸೆಟೆದ ರೊಟ್ಟಿಯೊಂದನ್ನು ಮುರಿದು ನೋಡಿದ. ಒಂದನ್ನು ಚೀಲದಲ್ಲಿ ಹಾಕಿಕೊಂಡು, ನೀರನ್ನೂ ಕುಡಿಯದೆ ಬಂದ ಬಸ್ಸಿಗೇ ಹಿಂದಿರುಗಿದ.

ಅವನು ಮನೆಯಲ್ಲಿ ಏನು ಹೇಳಿದನೆಂದು ನನಗೆ ಆಮೇಲೆ ತಿಳಿಯಿತು. ಆ ರೊಟ್ಟಿಯನ್ನು ಹೆಂಡತಿಯ ಮುಂದೆ ಇಟ್ಟು ಅಂದನಂತೆ: "ಮಗಳು ರೊಟ್ಟಿ ಬಡೀತಾಳ ಅಂತ ನಿನಗ ಅವಮಾನ. ಇಂಥಾ ರೊಟ್ಟಿ ಮುನ್ನೂರು ಮಂದಿ ಮಾಸ್ತರಗೋಳ ಮುಂದ ಹೋಗಲಿ. ಶಾವಂತ್ರೆವ್ವನ ಮಗಳ ಕೈ ಇದು ಅಂತ ಎಲ್ಲಾರೂ ಅನ್ನಲಿ. ಆವಾಗ ನಿನಗ ಛಲೋ ಅನಸತೈತೇನು?" ಜೀವಮಾನದಲ್ಲಿ ಅವನು ಆಡಿದ ಅತಿ ಉದ್ದನೆಯ ಮಾತು ಅದೇ ಇರಬೇಕು.

ಮರುದಿನ ಮೊದಲ ಬಸ್ಸಿಗೆ ಶಾವಂತ್ರೆವ್ವ ಬಂದಿಳಿದಳು. ಕಿವಿಯಲ್ಲಿ ಕಡ್ಡಿ, ಮುಖ ಬಿಗಿ. ಮಗಳ ಕಡೆ ನೋಡಲಿಲ್ಲ, ನೆಟ್ಟಗೆ ನನ್ನ ಹತ್ತಿರ ಬಂದಳು. ಸೀಳಿದ ಅಂಚಿನ ಮೇಲೆ ಬೆರಳಾಡಿಸಿ, "ಯಾರವ್ವ ಇದನ್ನ ಸೀಳಿದಾಕಿ?" ಎಂದಳು. ನನಗೆ ಅಳು ಬರುವಂತಿದ್ದರೆ ಅಂದು ಅಳುತ್ತಿದ್ದೆ.

"ಯವ್ವಾ..." ಎಂದಳು ಕಸ್ತೂರಿ.

"ನಿನ್ನ ಸಲುವಾಗಿ ಬಂದಿಲ್ಲ. ನನ್ನ ಹಂಚಿನ ಮರ್ಯಾದಿ ಕಾಯಾಕ ಬಂದೀನಿ. ಎಸರು ಇಡು. ಅದರಾಗ ಹಿಡಿ ಅಕ್ಕಿ ಹಾಕು. ಅನ್ನ ಆಗಿ ಕರಗಬೇಕು, ಆಮ್ಯಾಲ ಹಿಟ್ಟು."

ಅಷ್ಟೇ ಗುಟ್ಟು! ಕರಗಿದ ಅನ್ನದ ಕುದಿಯುವ ನೀರಿನಲ್ಲಿ ಹಿಟ್ಟು ಕಲಸಬೇಕು, ಕೈ ಸುಟ್ಟರೂ ಬಿಡದೆ ನಾದಬೇಕು. ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಬಿಸಿ ಆರುವ ಮೊದಲು ಒಂದರ ಮೇಲೊಂದು ಇಟ್ಟು, ದಪ್ಪ ಬಟ್ಟೆ ಸುತ್ತಿ ಬುಟ್ಟಿ ಮುಚ್ಚಬೇಕು. ಶಾವಂತ್ರೆವ್ವ ಬಡಿದಳು, ಕಸ್ತೂರಿ ನನ್ನ ಮೇಲೆ ಬೇಯಿಸಿದಳು. ದ್ಯಾಮವ್ವ ಮತ್ತು ಉಳಿದಿಬ್ಬರು ಪಕ್ಕದ ಒಲೆಗಳಲ್ಲಿ ಕುಳಿತರು. ಗುರುಸಿದ್ಧ ಗ್ಯಾರೇಜಿಗೆ ರಜೆ ಹಾಕಿ ಬುಟ್ಟಿ ಹೊತ್ತ. ಇನ್ನೂರು ದಾಟಿತು, ಮುನ್ನೂರು ದಾಟಿತು. ಅವ್ವ ರೊಟ್ಟಿ ಚಾಚುವಳು, ಮಗಳು ಮುಖ ನೋಡದೆ ಹಿಡಿಯುವಳು.

ನಾನೂರರ ಹತ್ತಿರ ರೊಟ್ಟಿ ಕೊಡುವಾಗ ಶಾವಂತ್ರೆವ್ವನ ಕೈ ಮಗಳ ಕೈಗೆ ತಾಗಿತು. ಅವಳು ಆ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ಬೆರಳ ತುದಿಗಳು ಕಪ್ಪಾಗಿದ್ದವು.

"ಇದನ್ನ ನೋಡಬಾರದು ಅಂತನ ನಾ ನಿನ್ನ ಓದಿಸಿದ್ದು" ಎಂದಳು. "ಪಗಾರ ಪಗಾರ ಅಂದೆ, ಖರೆ. ನೌಕರಿ ಸಿಕ್ಕಿದ್ರ ನನ್ನ ಕೈ ಸುಟ್ಟದ್ದು ಸಾರ್ಥಕ ಆತು ಅನಸ್ತಿತ್ತು. ಅದು ಆಗಲಿಲ್ಲ ಅಂತ ಸಿಟ್ಟು ನಿನ್ನ ಮ್ಯಾಲ ತೀರಿಸಿಕೊಂಡೆ."

"ಯವ್ವಾ, ನೀ ಮಂದಿ ಒಲಿ ಮುಂದ ಕುಂತಿದ್ದಿ. ಮಾಲಕ ಏಳು ಅಂದ್ರ ಏಳಬೇಕು, ಕೂಡ್ರು ಅಂದ್ರ ಕೂಡ್ರಬೇಕು. ನಾ ನನ್ನ ಒಲಿ ಮುಂದ ಕುಂತೀನಿ. ಫಲಕ ನನ್ನ ಹೆಸರಿಂದು. ಸಾಹೇಬರ ಸಂಗಾಟ ಮಾತಾಡಾಕ, ಕಾಗದ ಬರಿಯಾಕ ನೀ ಓದಿಸಿದ್ದ ಕೆಲಸಕ್ಕ ಬಂತು. ಯಾವುದೂ ದಂಡ ಆಗಿಲ್ಲ." ಕಸ್ತೂರಿಯೂ ಅಳುತ್ತಿದ್ದಳು. "ಅವತ್ತ ಬಡ್ಡಿ ಮಾತು ಆಡಬಾರದಿತ್ತು ನಾನು."

"ಆಡಬಾರದಿತ್ತು" ಎಂದಳು ಶಾವಂತ್ರೆವ್ವ. ಮೂಗು ಒರೆಸಿಕೊಂಡಳು. "ರೊಟ್ಟಿ ಸೀದೈತಿ, ತಿರುವು."

ದೀಪ ಹಚ್ಚುವ ಹೊತ್ತಿಗೆ ಆರುನೂರು ರೊಟ್ಟಿ ಬುಟ್ಟಿಗಳಲ್ಲಿ ಇದ್ದವು. ಕಸ್ತೂರಿ ಹೆಂಗಸರಿಗೆ ಪಗಾರ ಕೊಡತೊಡಗಿದಳು. ದ್ಯಾಮವ್ವನಿಗೆ ಕೊಟ್ಟಳು, ಇನ್ನಿಬ್ಬರಿಗೆ ಕೊಟ್ಟಳು, ಅವ್ವನ ಮುಂದೆ ಬಂದು ನಿಂತುಬಿಟ್ಟಳು. ಕೊಟ್ಟರೆ ಮತ್ತೆ ತಿರುಗಿ ಬಂದೀತೆಂಬ ಭಯ, ಕೊಡದಿದ್ದರೆ ತಪ್ಪಾದೀತೆಂಬ ಭಯ.

ಶಾವಂತ್ರೆವ್ವ ತಾನೇ ಕೈ ಚಾಚಿದಳು. "ಯಾಕ ನಿಂತಿ? ನನ್ನ ದುಡಿಮಿ ಕೊಡು. ಉಳಿದವರಿಗಿಂತ ಐವತ್ತು ಹೆಚ್ಚಿಗಿ ಕೊಡಬೇಕು ಮತ್ತ. ನಾ ಕಲಿಸಿದಾಕಿ."

ದ್ಯಾಮವ್ವ ಬಿದ್ದು ಬಿದ್ದು ನಕ್ಕಳು. ಕಸ್ತೂರಿ ಐವತ್ತು ಸೇರಿಸಿ ಎಣಿಸಿ ಕೊಟ್ಟಳು. ಶಾವಂತ್ರೆವ್ವ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಗಂಟು ಹಾಕಿದಳು. ಆಮೇಲೆ ಎದ್ದು, ಬಟ್ಟೆ ಹಿಡಿದು ನನ್ನನ್ನು ಒಲೆಯಿಂದ ಇಳಿಸಿದಳು.

"ಮಗಳ ದುಡಿಮಿ ಕೈಗೆ ಬಂತು. ಆಣಿ ತೀರಿತು" ಎಂದಳು.

ಆಣೆಯ ಉಳಿದರ್ಧ ನನಗೆ ಚೆನ್ನಾಗಿ ನೆನಪಿತ್ತು. ಆಮೇಲೆ ಇದನ್ನ ಮುಟ್ಟಂಗಿಲ್ಲ ಎಂದಿದ್ದಳು. ಕಸ್ತೂರಿಗೂ ನೆನಪಿತ್ತು, ಅವಳ ಮುಖ ಸಣ್ಣದಾಯಿತು. ಶಾವಂತ್ರೆವ್ವ ನನ್ನನ್ನು ಗೋಡೆಗೆ ಒರಗಿಸಿ, ಹಿತ್ತಾಳೆಯ ಪಾತ್ರೆಯನ್ನು ಸವರುವಂತೆ ಸವರಿದಳು.

"ಏನು ನೋಡತಿ? ನಾಳೆ ಪಂಚಮಿ. ನಾಡಿದ್ದ ಮತ್ತ ಒಲಿ ಮ್ಯಾಲ ಇಡತೀನಿ."

ಪಂಚಮಿಯ ಮಧ್ಯಾಹ್ನ ಬುಟ್ಟಿಗಳು ಖಾಲಿಯಾಗಿ ಮರಳಿದವು. ಹಿಂದೆಯೇ ಸಾಹೇಬರ ಫೋನು ಬಂತು. ಇನ್ನೂರು ರೊಟ್ಟಿ ಕಡಿಮೆ ಬಿದ್ದುವಂತೆ, ಮಾಸ್ತರರು ಎರಡೆರಡು ಸಲ ಬಡಿಸಿಕೊಂಡರಂತೆ. ವರ್ಷದ ಶಿಬಿರಗಳು ಕಸ್ತೂರಿಯದಾದವು. ಒಲೆಗಳೆಲ್ಲ ತಣ್ಣಗಿದ್ದ ಆ ಮನೆಯಲ್ಲಿ ಅಂದು ಊಟಕ್ಕೆ ಹಿಂದಿನ ದಿನ ಮನೆಗೆಂದೇ ಬೇರೆ ತೆಗೆದಿಟ್ಟಿದ್ದ ರೊಟ್ಟಿ, ಅಳ್ಳು, ಮೊಸರು. ಕಸ್ತೂರಿ ಐದು ರೊಟ್ಟಿ ತಿಂದಳು. ಆರನೆಯದನ್ನು ಶಾವಂತ್ರೆವ್ವ ತಾನೇ ತಾಟಿಗೆ ಹಾಕಿದಳು. ಮಗಳು ಅವ್ವನ ಅಂಗೈ ನೋಡಿದಳು, ನಕ್ಕಳು, ಅದನ್ನೂ ತಿಂದಳು.

ಫಕ್ಕೀರಪ್ಪ ಮತ್ತು ಶಾವಂತ್ರೆವ್ವ ಹುಬ್ಬಳ್ಳಿಯಲ್ಲೇ ಹತ್ತಿರದ ಓಣಿಯಲ್ಲಿ ಮನೆ ಮಾಡಿದರು. ಅವಳು ದಿನಾ ಬರುತ್ತಾಳೆ, ತಿಂಗಳ ಕೊನೆಗೆ ಪಗಾರ ತೆಗೆದುಕೊಳ್ಳುತ್ತಾಳೆ, ಕಡಿಮೆಯಾದರೆ ಜಗಳ ತೆಗೆಯುತ್ತಾಳೆ. ಮುಂದಿನ ವರ್ಷದ ರೊಟ್ಟಿ ಹಬ್ಬಕ್ಕೆ ಕಸ್ತೂರಿ ಬೆಂಡೋಲಿ ಕೊಡಿಸುತ್ತೇನೆ ಎಂದಾಗ, "ನನ್ನ ಪಗಾರದಾಗ ನಾ ತಗೋತೀನಿ" ಎಂದು ತಾನೇ ಹೋಗಿ ತಂದಳು. ಅಂದು ಬೇವಿನ ಕಡ್ಡಿಯನ್ನು ನನ್ನ ಕೆಳಗಿನ ಒಲೆಗೆ ಎಸೆದಳು. ಅಷ್ಟು ಖುಷಿಯಿಂದ ನಾನು ಯಾವತ್ತೂ ಕಾದಿಲ್ಲ.

ಈಗ ನನಗೆ ವಯಸ್ಸಾಯಿತು. ಸೀಳು ನಡುವಿನತ್ತ ಬಂದಿದೆ. ದೊಡ್ಡ ಕೆಲಸವೆಲ್ಲ ಹೊಸ ಹಂಚುಗಳದ್ದು. ದಿನದ ಮೊದಲ ರೊಟ್ಟಿ ಮಾತ್ರ ನನ್ನ ಮೇಲೆ ಬೇಯುತ್ತದೆ, ಉಳಿದ ಹೊತ್ತು ಕ್ಯಾಲೆಂಡರಿನ ಪಕ್ಕದ ನನ್ನ ಹಳೆಯ ಮೊಳೆಯ ಮೇಲೆ ಇರುತ್ತೇನೆ. ಕ್ಯಾಲೆಂಡರಿನಲ್ಲಿ ಪಂಚಮಿಯ ಸುತ್ತ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಬರೆದಿರುತ್ತಾರೆ. ಗುಜರಿಯವನು ಒಮ್ಮೆ ನನ್ನನ್ನು ಕೈಯಲ್ಲಿ ತೂಗಿ ಬೆಲೆ ಹೇಳಿದ್ದ. ಅವ್ವ ಮಗಳು ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದರು. ಅವನು ಓಡಿಹೋದ.

ತಂದೆ ತಾಯಿ ಮಕ್ಕಳಿಗಾಗಿ ಸುಟ್ಟುಕೊಂಡದ್ದನ್ನು ಮಕ್ಕಳು ಮರಳಿ ಕೊಡಲಾರರು, ಅದು ನನಗೂ ಗೊತ್ತು. ಆದರೆ ಒಂದೇ ಒಲೆಯ ಮುಂದೆ ಪಕ್ಕಪಕ್ಕ ಕುಳಿತವರನ್ನು ನಾನು ಕಂಡಿದ್ದೇನೆ. ಆ ದಿನ ನನ್ನ ಮೇಲೆ ಬೆಂದ ಒಂದು ರೊಟ್ಟಿಯೂ ಹರಿಯಲಿಲ್ಲ.